ಎರಡು ಕೈಯ ಸ್ನಾನ

ಮೊನ್ನೆ ರಾಜರಾಜೇಶ್ವರಿನಗರದಲ್ಲಿ ಚಿಕ್ಕಮ್ಮನ ಮಗಳು ಹೊಸ ಫ್ಲ್ಯಾಟು ತಗೊಂಡಳೆಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಅವಳು ಬಿಡಲಿಲ್ಲ, ಒಂದು ದಿನ ಉಳಿಸಿಕೊಂಡಳು. ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ತಲೆಗೆ ಟವೆಲ್ಲು ಸುತ್ತಿಕೊಂಡು ಹೊರಗೆ ಬಂದರೆ, ಹಾಲಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ. ಅವಳ ಮಗಳು, ಹೈಸ್ಕೂಲಿನ ಹುಡುಗಿ, ನಗು ತಡೆಯಲಾರದೆ ಕೇಳಿಯೇಬಿಟ್ಟಳು: “ದೊಡ್ಡಮ್ಮಾ, ಒಳಗೆ ಯಾರ್ ಜೊತೆ ಮಾತಾಡ್ತಿದ್ರಿ? ನಿಮ್ ಫೋನ್ ಇಲ್ಲೇ ಚಾರ್ಜಿಗೆ ಹಾಕಿದೆಯಲ್ಲಾ?”

ನಾನು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಪಾಲುದಾರಿಕೆ ಎಂದರೇನು ಎಂಬುದನ್ನು ಒಪ್ಪಿಸುತ್ತಿದ್ದೆ. ಕಾಲೇಜಿನಲ್ಲಿ ಕಾಮರ್ಸ್ ಓದುವಾಗ ಬಾಯಿಪಾಠ ಮಾಡಿದ ವ್ಯಾಖ್ಯೆ ಅದು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲೂ ಇಲ್ಲ, ಆಮೇಲೆ ನಾನು ಯಾರ ವ್ಯಾಪಾರಕ್ಕೂ ಪಾಲುದಾರಳಾಗಲೂ ಇಲ್ಲ. ಆದರೂ ಮೈಮೇಲೆ ಮೊದಲ ಚೊಂಬು ನೀರು ಬಿದ್ದ ತಕ್ಷಣ ಬಾಯಿ ತಾನಾಗಿ ಶುರು ಮಾಡಿಬಿಡುತ್ತದೆ. ಮದುವೆಯಾದ ಹೊಸತರಲ್ಲಿ ಇದನ್ನು ಕೇಳಿಸಿಕೊಂಡ ನಮ್ಮತ್ತೆ, ಹುಡುಗಿಗೆ ಏನೋ ಗಾಳಿ ಸೋಕಿದೆ ಎಂದು ನಿಂಬೆಹಣ್ಣು ನಿವಾಳಿಸಿದ್ದರು. ನಮ್ಮ ಯಜಮಾನರಿಗೆ ಈಗ ರೂಢಿಯಾಗಿದೆ. ದನಿ ನಿಂತಿತೆಂದರೆ ಸ್ನಾನ ಮುಗಿಯಿತೆಂದು ಲೆಕ್ಕ ಹಾಕಿ ಹೆಂಚಿನ ಮೇಲೆ ನನ್ನ ದೋಸೆ ಹುಯ್ಯುತ್ತಾರೆ.

ಇದು ಹುಚ್ಚಲ್ಲ ಎಂದು ಆ ಹುಡುಗಿಗೆ ಹೇಳಿದೆ. ಚಿಲಕವಿಲ್ಲದ ಬಚ್ಚಲುಮನೆಯಲ್ಲಿ ಬೆಳೆದವರ ಲಕ್ಷಣ, ಅಷ್ಟೆ. ಅವಳಿಗೆ ಅರ್ಥವಾಗಲಿಲ್ಲ. ಅವಳ ಮನೆಯ ಬಚ್ಚಲಿಗೆ ಒಳಗೊಂದು ಚಿಲಕ, ಹಿಡಿಯಲ್ಲೊಂದು ಬೀಗ, ಸಾಲದೆಂದು ಹೊರಗೂ ಒಂದು ಅಗುಳಿ. ಇಷ್ಟೊಂದು ಭದ್ರತೆಯ ನಡುವೆ ನಿಂತು ಸದ್ದಿಲ್ಲದೆ ಸ್ನಾನ ಮಾಡುವುದು ನನಗೆ ಈ ಜನ್ಮದಲ್ಲಿ ಸಾಧ್ಯವಿಲ್ಲ.

ನಾವಿದ್ದದ್ದು ರಾಜಾಜಿನಗರದಲ್ಲಿ, ಕಾರ್ಖಾನೆ ಕೆಲಸಗಾರರಿಗೆಂದು ಬೋರ್ಡು ಕಟ್ಟಿಸಿದ ಮನೆಗಳಲ್ಲಿ. ಯಾವ ಬೋರ್ಡು ಎಂದು ನಮ್ಮ ಬೀದಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಬೋರ್ಡು ಎಂದರೆ ಬೋರ್ಡು. ಮಳೆ ಯಾರದು ಎಂದು ಯಾರು ಕೇಳುತ್ತಾರೆ? ಮನೆಗಳು ಎರಡೆರಡು ಜೋಡಿ. ಒಂದು ಹಾಲು, ಒಂದು ರೂಮು, ಅಡುಗೆಮನೆ, ಹಿಂದೆ ಸಣ್ಣ ಅಂಗಳ, ಅಂಗಳದ ಮೂಲೆಯಲ್ಲಿ ಬಚ್ಚಲುಮನೆ. ನಮ್ಮ ಬಚ್ಚಲಿಗೂ ಪಕ್ಕದ ಮನೆ ಪಂಕಜಮ್ಮನ ಬಚ್ಚಲಿಗೂ ನಡುವೆ ಒಂದೇ ಗೋಡೆ. ಆ ಗೋಡೆ ಸೂರಿನ ಶೀಟಿನವರೆಗೆ ಹೋಗದೆ ಒಂದು ಗೇಣು ಕೆಳಗೇ ನಿಂತುಬಿಟ್ಟಿತ್ತು. ಹೀಗಾಗಿ ಎರಡು ಮನೆಗಳ ಸೋಪಿನ ವಾಸನೆ, ಹೊಗೆ, ಮಾತು ಎಲ್ಲಕ್ಕೂ ಹೋಗಿಬರುವ ದಾರಿಯಿತ್ತು. ಇಲ್ಲಿ ಯಾರಾದರೂ ಸೀನಿದರೆ ಅಲ್ಲಿಂದ ಪಂಕಜಮ್ಮ “ನೂರು ವರ್ಷ” ಎನ್ನುತ್ತಿದ್ದರು.

ಬಚ್ಚಲಿನ ಬಾಗಿಲು ಮರದ ಚೌಕಟ್ಟಿಗೆ ತಗಡು ಹೊಡೆದದ್ದು. ಸದಾ ನೀರು ಕುಡಿದು ಕುಡಿದು ಮರ ಕೊಳೆತು, ಒಂದು ದಿನ ಚಿಲಕ ತಾನು ಕೂತಿದ್ದ ತುಂಡು ಮರದ ಸಮೇತ ಕಳಚಿ ನನ್ನ ಕೈಗೇ ಬಂತು. ನಾನಾಗ ಸ್ಕೂಲಿಗೆ ಹೋಗುವ ಹುಡುಗಿ. ಬಾಗಿಲು ಹೊರಕ್ಕೆ ತೆರೆಯುವಂಥದ್ದು, ಆದ್ದರಿಂದ ಒಳಗಿನಿಂದ ಬಕೆಟ್ಟು ಅಡ್ಡ ಇಟ್ಟರೂ ಪ್ರಯೋಜನವಿಲ್ಲ. ಟವೆಲ್ಲನ್ನು ಬಾಗಿಲ ಮೇಲೆ ಹೊರಗೆ ಕಾಣುವಂತೆ ನೇತುಹಾಕಿದರೆ ಒಳಗೆ ಯಾರೋ ಇದ್ದಾರೆ ಎಂದರ್ಥ, ಹಾಗಂತ ಕೆಲವು ದಿನ ಪದ್ಧತಿ ಮಾಡಿ ನೋಡಿದೆವು. ಒಳಗಿದ್ದವರು ಹೋದ ಮೇಲೂ ಟವೆಲ್ಲು ಅಲ್ಲೇ ಒಣಗುತ್ತಿರುತ್ತಿತ್ತು. ಯಾರೂ ಇಲ್ಲದ ಬಚ್ಚಲಿಗೆ ಗಂಟೆಗಟ್ಟಲೆ ಕಾದು ನಾನು ಒಮ್ಮೆ ಸ್ಕೂಲು ತಪ್ಪಿಸಿಕೊಂಡದ್ದೂ ಇದೆ. ಆಮೇಲೆ ಉಳಿದದ್ದು ಒಂದೇ ದಾರಿ, ಒಳಗಿದ್ದವರು ಸದ್ದು ಮಾಡುತ್ತಿರಬೇಕು. ನಮ್ಮಜ್ಜಿಗೆ ಕಿವಿ ಸ್ವಲ್ಪ ಮಂದವಾದ್ದರಿಂದ ಜೋರಾಗಿಯೇ ಮಾಡಬೇಕು.

ಚಿಲಕ ಹಾಕಿಸಲು ಏನು ಧಾಡಿ ಎಂದು ನೀವು ಕೇಳಬಹುದು. ಕೇಳಿ, ಎಲ್ಲರೂ ಕೇಳುತ್ತಿದ್ದರು. ನಮ್ಮಪ್ಪ ಬೇರೆ ಯಾರೋ ಆಗಿದ್ದರೆ ಸರಿ, ಅವರು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಫಿಟ್ಟರು. ಕೆಟ್ಟದ್ದನ್ನು ಸರಿ ಮಾಡುವುದೇ ಅವರ ಹೊಟ್ಟೆಪಾಡು. ಬೀದಿಯ ಅರ್ಧ ಸೈಕಲ್ಲುಗಳು, ಪಂಪ್ ಸ್ಟವ್‌ಗಳು, ಪಂಕಜಮ್ಮನ ಹೊಲಿಗೆ ಮಿಷಿನ್ನು, ಎಲ್ಲಕ್ಕೂ ಭಾನುವಾರ ನಮ್ಮ ಮನೆಯ ಜಗಲಿಯೇ ಆಸ್ಪತ್ರೆ. ಆದರೆ ಮನೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. “ಮನೆ ಬೋರ್ಡಿಂದು. ಬಾಡಿಗೆ ಇಸ್ಕೊಳೋರು ರಿಪೇರೀನೂ ಮಾಡ್ಬೇಕು. ನಾನು ಇವತ್ತು ಒಂದು ಸ್ಕ್ರೂ ಹಾಕಿದ್ರೆ ನಾಳೆ ಅವರು ಇಡೀ ಸೂರೇ ನೀವೇ ಹಾಕ್ಕೊಳಿ ಅಂತಾರೆ,” ಎನ್ನುತ್ತಿದ್ದರು. ಅಪ್ಪಣೆಯಿಲ್ಲದೆ ಗೋಡೆಗೆ ಮೊಳೆ ಹೊಡೆಯಬಾರದೆಂದು ಬೋರ್ಡಿನವರು ಯಾವತ್ತೋ ಹೇಳಿದ್ದರಂತೆ. ಬೀದಿಯಲ್ಲಿ ಅದನ್ನು ಪಾಲಿಸಿದ್ದು ನಮ್ಮಪ್ಪ ಒಬ್ಬರೇ. ನಮ್ಮ ಮನೆಯ ಕ್ಯಾಲೆಂಡರು ಕಿಟಕಿಯ ಸರಳಿಗೆ ದಾರದಲ್ಲಿ ನೇತಾಡುತ್ತಿತ್ತು. ಗಾಳಿ ಬೀಸಿದರೆ ತಿಂಗಳು ಯಾವುದೆಂದು ಕಾಣುತ್ತಿರಲಿಲ್ಲ.

ಸದ್ದುಗಳ ವಿಷಯಕ್ಕೆ ಬರುತ್ತೇನೆ. ಅಜ್ಜಿ ದೇವರ ನಾಮ ಹೇಳುತ್ತಿದ್ದಳು, ನಡುನಡುವೆ ಅಮ್ಮನ ಸಾರಿನ ಬಗ್ಗೆಯೂ ದೇವರಿಗೆ ನಾಲ್ಕು ಮಾತು ಹೇಳುತ್ತಿದ್ದಳು. ಅಪ್ಪ ಬೋರ್ಡಿನ ಆಫೀಸರಿಗೆ ಹೇಳಬೇಕಾದ ಮಾತಿನ ತಾಲೀಮು ನಡೆಸುತ್ತಿದ್ದರು. “ಸ್ವಾಮೀ, ತಾವು ದಯಮಾಡಿ ಕೇಳ್ಬೇಕು. ಒಬ್ಬ ಮರ್ಯಾದಸ್ಥ ಕಾರ್ಮಿಕ…” ಎಂದು ಶುರುವಾಗುವ ಭಾಷಣ ಅದು. ಎರಡನೇ ವಾಕ್ಯ ದಾಟುವಷ್ಟರಲ್ಲಿ ನೀರು ಮುಗಿಯುತ್ತಿತ್ತು, ಹಾಗಾಗಿ ಮುಂದೇನಿತ್ತು ಎಂಬುದು ಅವರಿಗೂ ಗೊತ್ತಿತ್ತೋ ಇಲ್ಲವೋ. ನನ್ನ ಗಂಟಲು ಹಾಡಿಗೆ ಒಗ್ಗುವಂಥದ್ದಲ್ಲ, ಆದ್ದರಿಂದ ಪಾಠ ಒಪ್ಪಿಸುತ್ತಿದ್ದೆ. ಅದಕ್ಕೂ ನೆಮ್ಮದಿಯಿರಲಿಲ್ಲ. ಗೋಡೆಯಾಚೆಯಿಂದ ಪಂಕಜಮ್ಮ “ಸುಧಾ, ನಿನ್ನೆ ಬೇರೆ ಥರ ಹೇಳಿದ್ದೆ ಕಣೇ, ಯಾವ್ದು ಸರಿ?” ಎನ್ನುತ್ತಿದ್ದರು.

ಅಮ್ಮ ಹಾಡುತ್ತಿದ್ದಳು. ತವರಲ್ಲಿ ರಾಗಿ ಬೀಸುವಾಗ ಅವಳ ತಾಯಿ ಹೇಳುತ್ತಿದ್ದ ಪದಗಳು. ಬೇರೆ ಹೊತ್ತಿನಲ್ಲಿ ಅಮ್ಮನ ಬಾಯಲ್ಲಿ ಒಂದು ಸಾಲು ಹಾಡು ಕೇಳಿದವರಿಲ್ಲ. ಮೆಲುದನಿ, ತುಸು ನಡುಗುವ ದನಿ. ನಮ್ಮ ಬೀದಿಯಲ್ಲಿ ಎಷ್ಟೋ ಜನಕ್ಕೆ ಅದು ಬೆಳಗಿನ ಗಡಿಯಾರ. ಅಮ್ಮನ ಹಾಡು ಶುರುವಾದರೆ ನಲ್ಲಿಯಲ್ಲಿ ನೀರು ನಿಲ್ಲುವ ಹೊತ್ತಾಯಿತು ಎಂದು ಪಂಕಜಮ್ಮ ಬಿಂದಿಗೆಗಳನ್ನು ಒಳಗೆ ತೆಗೆದಿಡುತ್ತಿದ್ದರು. ಅಪ್ಪ ಆ ಹೊತ್ತಿಗೆ ಸರಿಯಾಗಿ ಅಂಗಳದ ಮೆಟ್ಟಿಲ ಮೇಲೆ ಕೂತು ಬೂಟಿಗೆ ಬ್ರಷ್ಷು ಹಾಕುತ್ತಿದ್ದರು. ಹಾಡಿನ ಬಗ್ಗೆ ಒಂದು ದಿನವೂ ಒಂದು ಮಾತು ಆಡಿದವರಲ್ಲ.

ನಾವೆಲ್ಲ ಆ ಹಾಡನ್ನು ಚೆಂದ ಎಂದುಕೊಂಡಿದ್ದೆವು. ಅದು ಹೆದರಿಕೆಯ ಹಾಡು ಎಂದು ನನಗೆ ತಿಳಿದದ್ದು ಒಂದು ಭಾನುವಾರ, ಇಬ್ಬರೂ ಕೂತು ಒಲೆಗೆ ಹೊಟ್ಟು ತುಂಬುತ್ತಿದ್ದಾಗ. ಸ್ನಾನದ ನೀರಿಗೆ ಆಗ ಮರದ ಹೊಟ್ಟಿನ ಒಲೆ. ಡಬ್ಬದಂಥ ಒಲೆಯ ನಡುವೆ ಬಾಟ್ಲಿ ನಿಲ್ಲಿಸಿ, ಸುತ್ತ ಹೊಟ್ಟು ಸುರಿದು ಗಟ್ಟಿಯಾಗಿ ಒತ್ತಿ, ಕುಸಿಯದಂತೆ ಬಾಟ್ಲಿಯನ್ನು ಮೆಲ್ಲಗೆ ಮೇಲೆಳೆಯಬೇಕು. ಆ ಎಳೆಯುವ ಕೆಲಸಕ್ಕೆ ಅಮ್ಮ ನನ್ನನ್ನು ಬಿಡುತ್ತಿರಲಿಲ್ಲ. ನನ್ನ ಕೈಯಲ್ಲಿ ಅದು ಪ್ರತಿ ಸಲವೂ ಕುಸಿಯುತ್ತಿತ್ತು. ಅವತ್ತು ಬಾಟ್ಲಿ ಎಳೆದು, ಕೈಗೆ ಅಂಟಿದ ಹೊಟ್ಟು ಕೊಡವುತ್ತ ಅಮ್ಮ ಅಂದಳು: “ನಾನು ಎರಡೂ ಕೈಲಿ ಸ್ನಾನ ಮಾಡಿ ಎಷ್ಟು ವರ್ಷ ಆಯ್ತು ಗೊತ್ತೇನೇ? ಒಂದು ಕೈಲಿ ಬಾಗ್ಲು ಹಿಡ್ಕೊಂಡಿರ್ತೀನಿ, ಇನ್ನೊಂದು ಕೈಲಿ ಚೊಂಬು. ಹಾಡು ಹೇಳಿದ್ರೂ ನಂಬಿಕೆ ಇಲ್ಲ ನಂಗೆ. ಬೆನ್ನು ಉಜ್ಕೊಳಕ್ಕೆ ಆಗಲ್ಲ, ತಲೆಗೆ ಸೀಗೆಪುಡಿ ನೆಟ್ಟಗೆ ಹಾಕ್ಕೊಳಕ್ಕೆ ಆಗಲ್ಲ. ಒಂದು ಚಿಲಕ ಹಾಕ್ಕೊಂಡು, ಎರಡೂ ಕೈಲಿ, ಸುಮ್ನೆ ಸ್ನಾನ ಮಾಡ್ಬೇಕು. ಇನ್ನೇನೂ ಬೇಡ ನಂಗೆ.”

ಬೇರೆಯವರ ಅಮ್ಮಂದಿರು ಬಳೆ ಕೇಳುತ್ತಿದ್ದರು, ಮೈಸೂರು ನೋಡಬೇಕು ಅನ್ನುತ್ತಿದ್ದರು. ನಮ್ಮಮ್ಮ ಕೇಳಿದ್ದು ಇದು.

ನಾನು ಕಾಲೇಜು ಸೇರಿದ ಹೊಸತರಲ್ಲಿ ಬೀದಿಗೆ ಒಂದು ಸುದ್ದಿ ಬಂತು. ಬಾಡಿಗೆಗಿದ್ದವರಿಗೇ ಮನೆಗಳನ್ನು ಬೋರ್ಡು ಮಾರುತ್ತದಂತೆ, ಕಂತಿನಲ್ಲಿ ಕಟ್ಟಿಕೊಂಡು ಹೋದರೆ ಸಾಕಂತೆ. ಎಲ್ಲರಿಗಿಂತ ಮೊದಲು ಅರ್ಜಿ ಕೊಟ್ಟವರು ನಮ್ಮಪ್ಪ. ಅದರ ಹಿಂದೆಯೇ ಇನ್ನೊಂದು ಸುದ್ದಿ ಬಂತು. ಮಾರುವ ಮೊದಲು ಇಂಜಿನಿಯರು ಬಂದು ಒಂದೊಂದು ಮನೆಯನ್ನೂ ನೋಡುತ್ತಾರಂತೆ. ಇಷ್ಟು ನಿಜ. ಮನೆ ಚೆನ್ನಾಗಿದ್ದರೆ ರೇಟು ಜಾಸ್ತಿ, ಹಾಳಾಗಿದ್ದರೆ ಕಮ್ಮಿ ಎಂಬ ಬಾಲವನ್ನು ಅದಕ್ಕೆ ಯಾರು ಅಂಟಿಸಿದರೋ ದೇವರೇ ಬಲ್ಲ. ಬೀದಿಯಂತೂ ನಂಬಿಬಿಟ್ಟಿತು.

ಆ ಒಂದು ವಾರ ನೀವು ನಮ್ಮ ಬೀದಿಯನ್ನು ನೋಡಬೇಕಿತ್ತು. ಜನ ತಾವೇ ಕೈಯಿಂದ ದುಡ್ಡು ಕೊಟ್ಟು ಹಾಕಿಸಿದ ಗಾರೆ ಕೆತ್ತಿದರು. ಹಬ್ಬಕ್ಕೆ ಬಳಿದ ಸುಣ್ಣದ ಮೇಲೆ ಇದ್ದಿಲು ತಿಕ್ಕಿದರು. ಚೆನ್ನಾಗಿದ್ದ ನಲ್ಲಿಯ ವಾಷರನ್ನು ಕಿತ್ತು ತೊಟ್ಟಿಕ್ಕುವಂತೆ ಮಾಡಿಕೊಡಿ ಎಂದು ನಮ್ಮಪ್ಪನ ಹತ್ತಿರವೇ ಬಂದವರಿದ್ದರು. ಪಂಕಜಮ್ಮನ ಯಜಮಾನರು ಶಿವಣ್ಣನವರು ಕುರ್ಚಿ ಹತ್ತಿ ನಿಂತು, ಹಾಲಿನ ಸೂರಿಗೆ ಹಿಂದಿನ ವರ್ಷವಷ್ಟೇ ಮೆತ್ತಿಸಿದ್ದ ಗಾರೆಯನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಸಡಿಲ ಮಾಡಿದರು. “ಬೀಳೋ ಹಂಗಿರ್ಬೇಕು, ಬೀಳ್ಬಾರ್ದು. ಅಲ್ಲಿರೋದು ಕೆಲ್ಸ,” ಎಂದು ನಮಗೆಲ್ಲ ಕರೆದು ತೋರಿಸಿದರು.

ಅಪ್ಪನಿಗೆ ಇದು ಸೇರಲಿಲ್ಲ. “ಇದ್ದದ್ದು ಇದ್ದ ಹಾಗೆ ತೋರಿಸ್ಬೇಕು. ನಾಟಕ ಯಾಕೆ?” ಎಂದು ಜಗಲಿಯ ಮೇಲೆ ಕೂತು ಹೇಳುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ.

ಅಮ್ಮನ ತಮ್ಮ ರಂಗಮಾವ ಮೈಸೂರು ರೋಡಿನಲ್ಲಿ ಹಳೇ ಮರದ ವ್ಯಾಪಾರ ಮಾಡುತ್ತಿದ್ದ. ಕೆಡವಿದ ಮನೆಗಳ ತೊಲೆ, ಕಿಟಕಿ, ಬಾಗಿಲು. ಮನೆ ಮೂಡಲಪಾಳ್ಯದಲ್ಲಿ. ಆಗ ಮೂಡಲಪಾಳ್ಯಕ್ಕೆ ಹೋಗುವುದೆಂದರೆ ರಾಗಿ ಹೊಲದ ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವುದು. ನಮ್ಮ ಒಲೆಗೆ ಹೊಟ್ಟಿನ ಮೂಟೆ ತಂದುಕೊಡುತ್ತಿದ್ದವನೂ ಅವನೇ. ಆ ವಾರ ಮೂಟೆಯ ಜೊತೆಗೆ ತಳ್ಳುಗಾಡಿಯಲ್ಲಿ ಒಂದು ಬಾಗಿಲೂ ಬಂತು. ಯಾರದೋ ದೊಡ್ಡ ಮನೆಯದು, ತೇಗದ ಮರ. ನಮ್ಮ ಬಚ್ಚಲಿನ ಅಳತೆಗೆ ಕೊಯ್ಯಿಸಿದ್ದ. ಚಿಲಕವೊಂದನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದ. ಅಪ್ಪ ಫಸ್ಟ್ ಶಿಫ್ಟಿಗೆ ಹೋಗಿದ್ದರು. ಮಾವ ಕೊಳೆತ ಬಾಗಿಲು ಬಿಚ್ಚಿ ಗೋಡೆಗೊರಗಿಸಿ, ಹೊಸದನ್ನು ಕೂರಿಸಿ, ಚಿಲಕ ಹಾಕಿ, ಮುದ್ದೆ ಉಂಡು ಹೊರಟುಹೋದ. ಅವತ್ತಿನ ಸ್ನಾನ ಎಲ್ಲರದೂ ಆಗಿಹೋಗಿತ್ತು. ಅಮ್ಮ ಒಳಗೆ ಹೋಗಿ ಚಿಲಕ ಹಾಕಿದಳು, ತೆಗೆದಳು. ಹಾಕಿದಳು, ತೆಗೆದಳು. ಹೊರಗೆ ಬಂದು, “ನಾಳೆ ಜಾಸ್ತಿ ಹೊಟ್ಟು ತುಂಬು, ನೀರು ಚೆನ್ನಾಗಿ ಕಾಯ್ಲಿ,” ಎಂದಳು.

ಅಪ್ಪ ಮಧ್ಯಾಹ್ನ ಬಂದವರು ಕೈಕಾಲು ತೊಳೆಯಲು ಅಂಗಳಕ್ಕೆ ಹೋಗಿ ಅಲ್ಲೇ ನಿಂತರು.

“ಇದನ್ನ ಯಾರು ಹಾಕಿದ್ದು?”

“ನಮ್ಮ ರಂಗ ತಂದ. ಚೆನ್ನಾಗಿದೆ ಅಲ್ವಾ?” ಎಂದಳು ಅಮ್ಮ.

“ಬಾಗ್ಲು ಚೆನ್ನಾಗಿದೆ. ಆದ್ರೆ ನಾಡಿದ್ದು ಇಂಜಿನಿಯರ್ ಬರ್ತಿದಾರೆ ಕಣೇ. ಇಷ್ಟು ವರ್ಷ ನಾನು ಬೋರ್ಡಿಗೆ ಹೋಗಿ ಬಾಗ್ಲು ಕೊಳೆತಿದೆ, ಕೊಳೆತಿದೆ ಅಂತ ಹೇಳ್ಕೊಂಡು ಬಂದಿದೀನಿ. ಅವ್ರು ಬಂದು ನೋಡ್ದಾಗ ತೇಗದ ಬಾಗ್ಲು ನಿಂತಿದ್ರೆ ನನ್ನ ಮಾತಿಗೆ ಏನು ಬೆಲೆ? ಬೋರ್ಡು ಕೊಟ್ಟ ಬಾಗ್ಲನ್ನೇ ಬೋರ್ಡು ನೋಡ್ಲಿ. ಆಮೇಲೆ ಇದನ್ನ ನಾನೇ ಹಾಕ್ತೀನಿ.”

ನಾಟಕ ಯಾಕೆ ಎಂದಿದ್ದ ಮನುಷ್ಯ ಸ್ಕ್ರೂಡ್ರೈವರು ತಂದರು.

“ನಾಳೆ ಒಂದೇ ಒಂದು ದಿನ ಇರ್ಲಿ ರೀ,” ಎಂದಳು ಅಮ್ಮ. “ಬೆಳಿಗ್ಗೆ ಸ್ನಾನ ಮಾಡ್ಕೋತೀನಿ. ಆಮೇಲೆ ಬಿಚ್ಕೊಳಿ.”

ಅಪ್ಪ ಮೊದಲ ಸ್ಕ್ರೂವನ್ನು ಆಗಲೇ ತಿರುಗಿಸುತ್ತಿದ್ದರು. “ಸ್ಕ್ರೂ ಕಚ್ಕೊಳೋಕೆ ಮುಂಚೇನೇ ಬಿಚ್ಬೇಕು. ಇಲ್ದಿದ್ರೆ ಮರ ಹಾಳಾಗುತ್ತೆ,” ಎಂದರು.

ಅವರಿಗೆ ಅಮ್ಮನ ಮಾತು ಕೇಳಿಸಿತ್ತು. ಅದಕ್ಕೆ ಉತ್ತರ ಕೊಡುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. ಫಿಟ್ಟರಾಗಿ ಅದು ಸರಿಯಾದ ಉತ್ತರವೂ ಹೌದು. ತೇಗದ ಬಾಗಿಲನ್ನು ಅಂಗಳದ ಗೋಡೆಗೆ ಒರಗಿಸಿ, ಮೇಲೆ ಗೋಣಿಚೀಲ ಹೊದಿಸಿ, ಕೊಳೆತದ್ದನ್ನು ಎಲ್ಲಿತ್ತೋ ಅಲ್ಲಿಗೇ ಕೂರಿಸಿದರು. ಮರುದಿನ ಬೆಳಿಗ್ಗೆ ಅಮ್ಮ ಒಂದು ಕೈಯಲ್ಲಿ ಬಾಗಿಲು ಹಿಡಿದು ಎಂದಿನ ಪದವನ್ನೇ ಹೇಳಿದಳು. ನಾನು ಒಲೆಯ ಹತ್ತಿರ ಕೂತು ಕೇಳುತ್ತಿದ್ದೆ. ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

ಇಂಜಿನಿಯರು ಬಂದರು. ವಯಸ್ಸು ಜಾಸ್ತಿಯಿಲ್ಲ, ಬಿಳಿ ಶರ್ಟು, ತಲೆ ನೀಟಾಗಿ ಬಾಚಿದ್ದರು. ನಮಗಿಂತ ಮುಂಚೆ ಪಂಕಜಮ್ಮನ ಮನೆಗೆ ಹೋದರು. ಶಿವಣ್ಣನವರು ಸೂರು ತೋರಿಸಿ, “ನೋಡಿ ಸಾರ್, ಹೆಂಗೆ ಬಾಯ್ಬಿಟ್ಟಿದೆ,” ಎಂದು ಕೋಲಿನಿಂದ ಮುಟ್ಟಿದರಂತೆ. ಬೀಳುವ ಹಾಗಿದ್ದು ಬೀಳಬಾರದಾಗಿದ್ದ ಗಾರೆ ಇಂಜಿನಿಯರ ಮೇಲೆಯೇ ಬಿತ್ತು. ದಪ್ಪ ಹೆಂಟೆಯೇನೂ ಅಲ್ಲ, ಪುಡಿ. ನಮ್ಮ ಬಾಗಿಲಿಗೆ ಬಂದಾಗ ಅವರ ಕೂದಲು, ಹುಬ್ಬು, ಮೀಸೆ ಎಲ್ಲ ಬಿಳಿ. ಒಂದು ಮನೆಯಿಂದ ಪಕ್ಕದ ಮನೆಗೆ ಬರುವಷ್ಟರಲ್ಲಿ ಮುದುಕರಾಗಿಬಿಟ್ಟಿದ್ದರು. ಅಪ್ಪ ಗಾಬರಿಯಾಗಿ, “ಬನ್ನಿ ಸಾರ್, ಮೊದ್ಲು ಮುಖ ತೊಳ್ಕೊಳಿ,” ಎಂದು ನೇರ ಬಚ್ಚಲಿಗೆ ಕರೆದುಕೊಂಡು ಹೋಗಿ ಬಿಟ್ಟರು. ಅವರು ಶರ್ಟು ಬಿಚ್ಚಿ ಕೊಡವಿ, ಒಳಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡರು.

ನಾವೆಲ್ಲ ಹಾಲಿನಲ್ಲಿ ಅವರಿಗೆ ಕಾಫಿ, ತಟ್ಟೆ, ಟವೆಲ್ಲು ಎಂದು ಓಡಾಡುತ್ತಿದ್ದೆವು. ಅಜ್ಜಿ ರೂಮಿನಲ್ಲಿ ಮಲಗಿದ್ದವಳು ಎದ್ದದ್ದನ್ನು ಯಾರೂ ನೋಡಲಿಲ್ಲ. ಇಂಜಿನಿಯರು ಬಂದದ್ದು ಅವಳಿಗೆ ಗೊತ್ತೂ ಇಲ್ಲ. ಅವಳು ಹಿಂದಿನ ಅಂಗಳಕ್ಕೆ ಹೋಗಿ, ಬಚ್ಚಲಿನ ಮುಂದೆ ನಿಂತು, ನಮ್ಮ ಮನೆಯ ಪದ್ಧತಿಯಂತೆ ಕಿವಿಗೊಟ್ಟಿದ್ದಾಳೆ. ಹಾಡಿಲ್ಲ, ಪಾಠವಿಲ್ಲ, ಭಾಷಣವಿಲ್ಲ. ಬಾಗಿಲು ಎಳೆದಳು.

“ಅಯ್ಯೋ ನಿನ್ ಮನೆ ಕಾಯೋಗ! ಯಾರಯ್ಯಾ ನೀನು?” ಅಜ್ಜಿಯ ದನಿ ಬೀದಿಯ ಕೊನೆಯವರೆಗೆ ಕೇಳಿಸಿತು. “ಒಳಗಿದ್ಮೇಲೆ ಸದ್ದು ಮಾಡ್ಬೇಕು ಅನ್ನೋ ಬುದ್ಧಿ ಬ್ಯಾಡ್ವಾ? ಒಂದು ಕೆಮ್ಮಾದ್ರೂ ಕೆಮ್ಮಬಾರ್ದಾ? ಬಾಯಲ್ಲಿ ಏನ್ ಕಡುಬು ಇಟ್ಕೊಂಡಿದೀಯಾ?”

ನಾವು ಓಡಿ ಹೋಗುವಷ್ಟರಲ್ಲಿ ಬನಿಯನ್ನಿನಲ್ಲಿದ್ದ ಇಂಜಿನಿಯರು ಮುಖದ ತುಂಬ ಸೋಪಿನ ನೊರೆಯೊಂದಿಗೆ, ಒಂದು ಕೈಯಲ್ಲಿ ಬಾಗಿಲನ್ನು ಭದ್ರವಾಗಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಚೊಂಬು ಹಿಡಿದು ನಿಂತಿದ್ದರು. ಗೋಡೆಯಾಚೆ ಪಂಕಜಮ್ಮ ನಗು ನುಂಗುತ್ತಿದ್ದದ್ದು ಕೇಳಿಸುತ್ತಿತ್ತು. ಅಮ್ಮ ಮಾತ್ರ ನಗಲಿಲ್ಲ. ಇಂಜಿನಿಯರ ಆ ಎರಡು ಕೈಗಳನ್ನೇ ನೋಡುತ್ತಿದ್ದಳು.

ಶರ್ಟು ಹಾಕಿಕೊಂಡು ಹಾಲಿಗೆ ಬಂದ ಮೇಲೆ ಇಂಜಿನಿಯರು ಸಿಟ್ಟಿನಲ್ಲಿದ್ದರು. “ಏನ್ರೀ ಇದು? ಬಚ್ಚಲಿಗೆ ಒಂದು ಚಿಲಕ ಬೇಡ್ವೇನ್ರೀ?”

ಅಪ್ಪ ವರ್ಷಗಟ್ಟಲೆ ಕಾದಿದ್ದ ಗಳಿಗೆ ಅದು. ಕೈ ಕಟ್ಟಿ ನಿಂತು ಶುರು ಮಾಡಿದರು. “ಸ್ವಾಮೀ, ತಾವು ದಯಮಾಡಿ ಕೇಳ್ಬೇಕು. ಒಬ್ಬ ಮರ್ಯಾದಸ್ಥ ಕಾರ್ಮಿಕ…” ಅಲ್ಲಿಗೆ ನಿಂತುಹೋದರು. ಮುಂದಿನದು ತಾಲೀಮಿನಲ್ಲಿ ಇರಲೇ ಇಲ್ಲವಲ್ಲ.

“ಮನೆ ಕೊಂಡ್ಕೊಳಕ್ಕೆ ಅರ್ಜಿ ಕೊಟ್ಟಿದೀರಿ ತಾನೆ?” ಇಂಜಿನಿಯರು ಕೇಳಿದರು.

“ಕೊಟ್ಟಿದೀನಿ ಸಾರ್.”

“ಹಾಗಾದ್ರೆ ಅವತ್ತಿಂದ ರಿಪೇರಿ ನಿಮ್ದು.”

“ಅಂದ್ರೆ ಮನೆ ನಮ್ದಾಯ್ತಾ ಸಾರ್?”

“ಅದು ಹೆಂಗಾಗುತ್ತೆ? ರಿಜಿಸ್ಟರ್ ಆಗೋವರ್ಗೂ ಮನೆ ಬೋರ್ಡಿಂದು.”

“ಬಾಗ್ಲು ಕೊಳೆತಿದ್ದು ಅರ್ಜಿಗೆ ಎಷ್ಟೋ ಮುಂಚೆ, ಸಾರ್.”

“ಆವಾಗ್ಲೇ ಹೇಳ್ಬೇಕಿತ್ತು.”

“ಹೇಳಿದ್ದೆ ಸಾರ್.”

“ಆವಾಗ ನಾನಿರ್ಲಿಲ್ಲ,” ಎಂದು ಇಂಜಿನಿಯರು ಕಾಫಿ ಮುಗಿಸಿದರು. ಹೊರಡುವಾಗ ಬೀದಿಯವರಿಗೆಲ್ಲ ಕೇಳುವಂತೆ ಇನ್ನೊಂದು ಮಾತನ್ನೂ ಹೇಳಿದರು. ರೇಟು ಎಲ್ಲ ಮನೆಗೂ ಒಂದೇ, ಕೆಡಿಸಿಕೊಂಡದ್ದನ್ನು ಅವರವರೇ ಸರಿ ಮಾಡಿಕೊಳ್ಳಬೇಕು. ಅವತ್ತು ಸಂಜೆಯಿಂದಲೇ ಬೀದಿಯ ತುಂಬ ಗಾರೆ ಕಲಸುವ ಸದ್ದು. ನಲ್ಲಿಯ ವಾಷರು ಕೀಳಿಸಿಕೊಳ್ಳಲು ಬಂದವರೇ ಹಾಕಿಸಿಕೊಳ್ಳಲು ಬಂದರು.

ಅಪ್ಪ ಮಾತ್ರ ಜಗಲಿಗೆ ಹೋಗಲಿಲ್ಲ. ಹಾಲಿನಲ್ಲಿ ಕೂತು, ತಮಗೆ ತಾವೇ ಎಂಬಂತೆ, “ರಿಪೇರಿ ನಂದು, ಮನೆ ಅವರ್ದು. ಇದ್ಯಾವ ನ್ಯಾಯ? ನಂದಲ್ಲದ್ದನ್ನ ನಾನ್ಯಾಕೆ ರಿಪೇರಿ ಮಾಡ್ಲಿ?” ಎನ್ನುತ್ತಿದ್ದರು.

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. “ಕಾರ್ಖಾನೆ ಮಿಷಿನ್ನೆಲ್ಲ ನಿಮ್ಮ ಹೆಸ್ರಿಗೆ ರಿಜಿಸ್ಟರ್ ಆಗಿದ್ಯಾ?” ಎಂದು ಕೇಳಿದಳು. “ಪಂಕಜಮ್ಮನ ಹೊಲಿಗೆ ಮಿಷಿನ್ನು? ಬೀದಿ ಸೈಕಲ್ಲು? ಅವನ್ನೆಲ್ಲ ರಿಪೇರಿ ಮಾಡ್ತೀರಲ್ಲ. ಬೋರ್ಡಿನೋರು ತಪ್ಪು ಒಪ್ಕೊಳೋವರ್ಗೂ ನಾನು ಒಂದು ಕೈಲೇ ಸ್ನಾನ ಮಾಡ್ಕೊಂಡಿರ್ಬೇಕಾ?”

ದನಿ ಏರಿಸಿರಲಿಲ್ಲ. ಅಪ್ಪ ತಲೆಯೆತ್ತಿ ನೋಡಿದರು. ಒಂದು ಕೈಯ ವಿಷಯ ಅವರಿಗೆ ಅವತ್ತಿನವರೆಗೆ ಗೊತ್ತೇ ಇರಲಿಲ್ಲ ಎಂದು ನನಗೆ ಅವರ ಮುಖ ನೋಡಿ ತಿಳಿಯಿತು. ಹೊರಗೆ ಮೆಟ್ಟಿಲ ಮೇಲೆ ಕೂತು ದಿನಾ ಕೇಳುತ್ತಿದ್ದವರಿಗೆ ಹಾಡು ಮಾತ್ರ ಕೇಳಿಸಿತ್ತು.

ಆ ದಿನಗಳಲ್ಲೇ ಮಳೆ ಹಿಡಿಯಿತು. ಗೋಣಿಚೀಲ ಎಷ್ಟು ತಡೆದೀತು, ತೇಗದ ಬಾಗಿಲೂ ನೀರು ಕುಡಿದು ಉಬ್ಬಿತು. ಭಾನುವಾರ ಅಪ್ಪ ಅದನ್ನು ಒಳಗೆ ತಂದು, ಎರಡು ಸ್ಟೂಲುಗಳ ಮೇಲೆ ಮಲಗಿಸಿ, ಕೀಸುಳಿ ಹಿಡಿದು ಅಂಚು ಹೆರೆಯಲು ಕೂತರು. ಸೈಕಲ್ಲು ತಂದವರಿಗೆಲ್ಲ, “ಇವತ್ತಿಲ್ಲ, ಮನೆ ಕೆಲ್ಸ ಇದೆ,” ಎಂದರು. ಆ ಮಾತನ್ನು ನಮ್ಮಪ್ಪನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಮರದ ಸಿಪ್ಪೆ ಹಾಲಿನ ತುಂಬ ಸುರುಳಿ ಸುರುಳಿಯಾಗಿ ಬಿತ್ತು. ಅಜ್ಜಿ ಅದನ್ನೆಲ್ಲ ಒಲೆಗೆಂದು ಮಡಿಲಲ್ಲಿ ತುಂಬಿಕೊಂಡಳು. ಬಾಗಿಲು ಕೂರಿಸಿ, ಎರಡು ಸಲ ತೆರೆದು ಮುಚ್ಚಿ ನೋಡಿ, ಚಿಲಕ ಕೈಗೆ ತೆಗೆದುಕೊಂಡು ಅಮ್ಮನನ್ನು ಕರೆದರು.

“ಒಳಗೆ ನಿಂತ್ಕೋ. ನಿನ್ನ ಕೈಗೆ ಎಲ್ಲಿ ಸಲೀಸು, ತೋರ್ಸು.”

ಮಾವ ಹಾಕಿದ್ದ ಚಿಲಕದ ತೂತುಗಳು ಇದ್ದೇ ಇದ್ದವು, ಎಲ್ಲ ಬಾಗಿಲುಗಳಲ್ಲಿ ಇರುವ ಎತ್ತರದಲ್ಲಿ. ಅಪ್ಪ ಅವನ್ನು ಮೇಣದಿಂದ ಮುಚ್ಚಿಬಿಟ್ಟಿದ್ದರು. ಅಮ್ಮ ಗಿಡ್ಡಿ. ಸೆರಗಿಗೆ ಕೈಯೊರೆಸಿಕೊಂಡು, ಸಂಕೋಚದಿಂದ ಬಾಗಿಲ ಮೇಲೆ ಬೆರಳಿಟ್ಟಳು. ಅಪ್ಪ ಅಲ್ಲೇ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಮುಂದೆ ನಾವೆಲ್ಲ ಆ ಚಿಲಕಕ್ಕೆ ಸ್ವಲ್ಪ ಬಗ್ಗಬೇಕಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಅಮ್ಮ ಒಳಗೆ ಹೋದಳು. ಚಿಲಕ ಬಿದ್ದ ಸದ್ದು. ಆಮೇಲೆ ನೀರಿನ ಸದ್ದು. ಅಷ್ಟೇ. ಹಾಡಿಲ್ಲ. ನಲ್ಲಿಯ ಹತ್ತಿರ ಪಂಕಜಮ್ಮನ ಬಿಂದಿಗೆಗಳು ಹಾಗೇ ನಿಂತವು. ಅಪ್ಪ ಬೂಟಿನ ಬ್ರಷ್ಷು ಕೈಯಲ್ಲೇ ಹಿಡಿದುಕೊಂಡು ಬಾಗಿಲನ್ನು ನೋಡುತ್ತ ಕೂತರು. ಹೊತ್ತು ಹೋಯಿತು. ಹಂಡೆಯ ನೀರೆಲ್ಲ ಮುಗಿಯುವವರೆಗೆ ಮಿಂದು, ತಲೆಗೂದಲು ಇಳಿಬಿಟ್ಟುಕೊಂಡು, ಮುಖ ಕೆಂಪಾಗಿ ಅಮ್ಮ ಹೊರಗೆ ಬಂದಳು. ಯಾರ ಕಡೆಗೂ ನೋಡದೆ ಒಳಗೆ ಹೋದಳು. ಅವತ್ತು ನಮಗ್ಯಾರಿಗೂ ಬಿಸಿನೀರು ಸಿಗಲಿಲ್ಲ, ಯಾರೂ ಕೇಳಲೂ ಇಲ್ಲ.

ಕೆಲವು ದಿನ ಹೀಗೇ ಹೋಯಿತು. ಮನೆಯ ಬೆಳಗಿಗೆ ಏನೋ ಕಡಿಮೆಯಾದದ್ದು ಎಲ್ಲರಿಗೂ ಗೊತ್ತಾಗುತ್ತಿತ್ತು. ಹಾಡು ಕೇಳಬೇಕಾದರೆ ಅಮ್ಮ ಮತ್ತೆ ಹೆದರಬೇಕಲ್ಲ ಎಂದು ನಾನು ಸುಮ್ಮನಿದ್ದೆ. ಕೊನೆಗೆ ತಡೆಯಲಾರದೆ ಹೋದವರು ಅಪ್ಪ. ಒಂದು ಬೆಳಿಗ್ಗೆ ಮೆಟ್ಟಿಲಿಂದ ಎದ್ದು ಬಾಗಿಲ ಹತ್ತಿರ ಹೋಗಿ, ಗಂಟಲು ಸರಿಮಾಡಿಕೊಂಡರು.

“ಜಯಾ.”

“ಏನ್ರೀ?”

“ಏನಿಲ್ಲ. ಒಳಗಿದೀಯೋ ಇಲ್ವೋ ಗೊತ್ತಾಗಲ್ಲ. ಅದೇ… ಮುಂಚೆ ಹೇಳ್ತಿದ್ಯಲ್ಲ, ಪದ. ಹೇಳ್ಕೋಬಾರ್ದಾ?”

ಒಳಗೆ ಚೊಂಬಿನ ಸದ್ದು ನಿಂತಿತು. ಆಮೇಲೆ ಅಮ್ಮನ ದನಿ ಬಂತು. ಅದರಲ್ಲಿ ನಗುವಿತ್ತು. “ಹೇಳೋಣ. ಇನ್ನೂ ರಿಜಿಸ್ಟರ್ ಆಗಿಲ್ವಲ್ಲ. ಮನೆ ನಮ್ದಾಗ್ಲಿ, ಆಮೇಲೆ ಹೇಳ್ತೀನಿ.”

ಗೋಡೆಯಾಚೆ ಪಂಕಜಮ್ಮ ಗಟ್ಟಿಯಾಗಿ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ವಿಷಯ ಗೊತ್ತಾಗಿತ್ತು. ಅಪ್ಪನಿಗೆ ಸೈಕಲ್ಲು ತೋರಿಸಲು ಬಂದವರೂ, “ಏನ್ ಗಂಗಾಧರಣ್ಣ, ಹಾಡು ಯಾವಾಗ?” ಎಂದು ಕೇಳಿ ಹೋಗುತ್ತಿದ್ದರು.

ಬೋರ್ಡಿನ ಕೆಲಸ ನಿಮಗೆ ಗೊತ್ತೇ ಇದೆ. ನನ್ನ ಡಿಗ್ರಿ ಮುಗಿಯಿತು, ಮನೆಯ ಪತ್ರ ಬರಲಿಲ್ಲ. ನನ್ನ ಮದುವೆಯಾಯಿತು, ಬರಲಿಲ್ಲ. ಅಷ್ಟರಲ್ಲಿ ಅಪ್ಪ ಬಚ್ಚಲಿನ ಸೂರಿನ ಶೀಟು ಬದಲಿಸಿದರು, ನೆಲಕ್ಕೆ ಗಾರೆ ಹಾಕಿದರು, ಹಾಲಿನ ಗೋಡೆಗೆ ಮೊಳೆ ಹೊಡೆದು ಕ್ಯಾಲೆಂಡರು ತೂಗುಹಾಕಿದರು. ತನ್ನದಲ್ಲದ ಮನೆಯನ್ನು ಒಂದೊಂದೇ ಮೂಲೆಯಿಂದ ಸರಿ ಮಾಡುತ್ತ ಹೋದರು. ಬಚ್ಚಲಿನ ಆ ಗೇಣು ಸಂದನ್ನು ಮಾತ್ರ ಮುಚ್ಚಲಿಲ್ಲ. ಪಂಕಜಮ್ಮನನ್ನು ಕೇಳಿದ್ದರಂತೆ. ಅವರು ಬೇಡ ಅಂದರಂತೆ.

ನಾನು ಬಾಣಂತನಕ್ಕೆ ಬಂದಿದ್ದಾಗ ಒಂದು ಸಂಜೆ ಅಪ್ಪ ಒಬ್ಬರೇ ರಿಜಿಸ್ಟ್ರಾರ್ ಆಫೀಸಿನಿಂದ ಬಂದು, ಪತ್ರವನ್ನು ದೇವರ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿದರು. ಅಮ್ಮ ನೋಡಿದಳು. ಬೀದಿಗೆ ಬೆಳಿಗ್ಗೆ ಸಿಹಿ ಹಂಚಿ ಹೇಳಿದರಾಯಿತು ಎಂದು ನಾವು ಯಾರಿಗೂ ತಿಳಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಡುಗೆಮನೆಯ ಹೊಸಿಲಲ್ಲಿ ಕೂತಿದ್ದೆ. ಅಪ್ಪ ಮೆಟ್ಟಿಲ ಮೇಲೆ ಬೂಟು ಹಿಡಿದು ಕೂತಿದ್ದರು. ಚಿಲಕ ಬಿದ್ದ ಸದ್ದಾಯಿತು. ನೀರಿನ ಸದ್ದಾಯಿತು. ಆಮೇಲೆ, ಮೆಲುದನಿಯಲ್ಲಲ್ಲ, ನಡುಗುವ ದನಿಯಲ್ಲಲ್ಲ, ನಾನು ಆವರೆಗೆ ಕೇಳಿಯೇ ಇರದಷ್ಟು ಗಟ್ಟಿಯಾಗಿ, ಅಮ್ಮ ಪದ ಎತ್ತಿಕೊಂಡಳು. ಅಪ್ಪನ ಕೈಯ ಬ್ರಷ್ಷು ನಿಂತಿತು. ಅವರು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಲಿಲ್ಲವೆಂಬಂತೆ ಮಗುವಿನ ಕಡೆ ತಿರುಗಿದೆ.

ಎರಡನೇ ಸಾಲಿಗೆ ಬರುವಷ್ಟರಲ್ಲಿ ಗೋಡೆಯಾಚೆ ಬಿಂದಿಗೆಯೊಂದು ಧಡಕ್ಕನೆ ಕೆಳಗಿಳಿಯಿತು.

“ಜಯಮ್ಮಾ!” ಪಂಕಜಮ್ಮ ಕೂಗಿದರು. “ಪತ್ರ ಬಂತೇನ್ರೀ?”